ಗುಡ್ಡದಾಚೆಯ ಒಂದೆಲಗ

ನದಿಯ ದಡದಲ್ಲಿ ಒಂದು ಆಶ್ರಮ. ಗುರುಗಳಿಗೆ ಎಂಬತ್ತು ದಾಟಿತ್ತು. ಹಿರಿಯ ಶಿಷ್ಯ ವಾಮದೇವನಿಗೂ ತಲೆ ನರೆತಿತ್ತು.

ಕಿರಿಯರಿಗೆ ಪಾಠ ಹೇಳುವುದು ವಾಮದೇವನ ಕೆಲಸ. ಉಳಿದ ಕೆಲಸವೆಲ್ಲ ಕಿರಿಯರದು. ಹಿರಿಯರು ಏಳಬಾರದೆಂದು ಕೈ ತೊಳೆಯುವ ನೀರನ್ನೂ ಮಣೆಯ ಬಳಿಗೇ ತರುತ್ತಿದ್ದರು.

ಒಂದು ದಿನ ಪಾಠದ ನಡುವೆ ಶ್ಲೋಕ ನಿಂತಿತು. ಎಷ್ಟು ತಡಕಿದರೂ ಮುಂದಿನ ಸಾಲು ಸಿಗಲಿಲ್ಲ. ಕಿರಿಯರು ಕಾದರು. ಆಮೇಲೆ ಅವರೇ ತಲೆ ತಗ್ಗಿಸಿದರು.

ವಾಮದೇವ ಗುರುಗಳ ಬಳಿಗೆ ಹೋದ.

“ಪಾಠ ಬೇರೆಯವರಿಗೆ ವಹಿಸಿ, ಗುರುಗಳೇ. ತಲೆ ಖಾಲಿಯಾಗುತ್ತಿದೆ. ನಿನ್ನೆ ಒಬ್ಬ ಶಿಷ್ಯನ ಹೆಸರೂ ಮರೆತುಹೋಯಿತು.”

“ಪಾಠ ಬಿಟ್ಟು ಏನು ಮಾಡುತ್ತೀ?”

“ಕೂತಿರುತ್ತೇನೆ.”

“ಈಗೇನು ಮಾಡುತ್ತಿದ್ದೀ?”

ವಾಮದೇವ ನೆಲ ನೋಡಿದ. “ಒಂದೆಲಗ ತಿಂದರೆ ನೆನಪು ಕುದುರುತ್ತದಂತೆ,” ಎಂದ ಮೆಲ್ಲಗೆ.

“ಬಾವಿಕಟ್ಟೆಯದು ಬೇಡ. ಗುಡ್ಡದಾಚೆ ತೊರೆಯ ಬದಿಯದು ತಾ. ದಿನವೂ. ನೀನೇ. ಎಲೆಯ ಮೇಲಿನ ಇಬ್ಬನಿ ಆರುವುದರೊಳಗೆ ಬರಬೇಕು. ತಂಬುಳಿ ನಾನು ಮಾಡುತ್ತೇನೆ.”

ಮೊದಲ ದಿನ ಅರ್ಧ ಏರಿಗೇ ಕೂತುಬಿಟ್ಟ. ಎಲೆ ತರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

“ನಾಳೆ,” ಎಂದರು ಗುರುಗಳು.

ಬಿರುಸಾಗಿ ನಡೆದ. ಏದುಸಿರು ಬಿಟ್ಟ. ಬೆವರಿದ. ತಂಬುಳಿ ಕುಡಿದ. ಕಾರ್ತಿಕ ಹೋಗಿ ಮಾಘ ಬಂತು. ಏರಿನಲ್ಲಿ ಕೂರುವುದು ತಪ್ಪಿತು. ಶಿಷ್ಯರ ಹೆಸರುಗಳು ನಾಲಿಗೆಗೆ ಬರತೊಡಗಿದವು. ಅಂದು ನಿಂತಿದ್ದ ಶ್ಲೋಕವೂ ಒಂದು ಬೆಳಿಗ್ಗೆ ಪೂರ್ತಿ ಬಂತು.

ಮರುದಿನ ಎಲೆ ಕೊಟ್ಟು ಸ್ನಾನಕ್ಕೆ ಹೊರಟವನಿಗೆ, ಗುರುಗಳನ್ನು ಕೇಳಬೇಕೆಂದಿದ್ದ ಸಂದೇಹವೊಂದು ನೆನಪಾಯಿತು. ತಿರುಗಿ ಬಂದ.

ಗುರುಗಳು ಕೊಟ್ಟಿಗೆಯಲ್ಲಿದ್ದರು. ಕೆಂದಿ ಹಸು ಅವರ ಕೈಯಿಂದ ಒಂದೆಲಗ ತಿನ್ನುತ್ತಿತ್ತು.

“ಅದು ನಾನು ತಂದ ಎಲೆ!”

“ಹೌದು.”

“ದಿನವೂ ಇದಕ್ಕೇ?”

“ದಿನವೂ.”

“ಹಾಗಾದರೆ ನಾನು ಕುಡಿದದ್ದು?”

“ನುಗ್ಗೆಸೊಪ್ಪು.”

ವಾಮದೇವನಿಗೆ ಸಿಟ್ಟೂ ಬಂತು, ನಗುವೂ ಬಂತು.

“ಮತ್ತೆ ನೆನಪು ಮರಳಿದ್ದು ಯಾವುದರಿಂದ?”

ಗುರುಗಳು ಅವನ ಕಾಲು ನೋಡಿದರು. ತೊರೆಯ ಕೆಸರು ಮೆತ್ತಿತ್ತು. ಮೀನಖಂಡ ಗಟ್ಟಿಯಾಗಿತ್ತು.

ವಾಮದೇವನೂ ನೋಡಿಕೊಂಡ. ಬಗ್ಗಿ ಮೀನಖಂಡ ಒತ್ತಿ ನೋಡಿದ.

“ಈಗ ಗುಣವಾಯಿತಲ್ಲ, ಗುರುಗಳೇ. ನಾಳೆಯಿಂದ ಹೋಗದಿದ್ದರೆ ಆಗದೇ?”

ಗುರುಗಳು ಹಸುವಿನ ಗಂಗೆದೊಗಲು ನೀವಿದರು.

“ಹೋಗು. ಕೆಂದಿಗೆ ರುಚಿ ಹತ್ತಿದೆ.”