ಚಾಲ್ ಮುಂದೆ ನಡೆದವನು

ಸಂಸ್ಕೃತದ ಮನೆಯಿಂದ ಹಿಂದಿಯ ಬೀದಿಗೆ ಬಂದ ಸು, ಕು, ದುರ್ ಎಂಬ ಉಪಸರ್ಗಗಳಿಗೆ ಸ್ವಂತ ಮನೆಯಿರಲಿಲ್ಲ. ಯಾವುದಾದರೂ ಪದದ ಮುಂದೆ ನಡೆದು, ಅದರ ಆಗಮನವನ್ನು ಕೂಗಿ ಹೇಳುವುದೇ ಅವರ ಕಸುಬು.

ಆ ಬೀದಿಯಲ್ಲೇ ಹುಟ್ಟಿ ಬೆಳೆದ ‘ಚಾಲ್’ ಎಂಬ ಪದಕ್ಕೆ ನಡತೆ ಎಂದರ್ಥ. ಹೆಣ್ಣು ಕೊಡುವವರು ಮೊದಲು ವಿಚಾರಿಸುತ್ತಿದ್ದುದೇ ಅವನನ್ನು. ಆದರೂ ನೆರೆಮನೆಯ ಗಂಧ, ಸುವಿನ ಬಾಯಲ್ಲಿ ‘ಸುಗಂಧ’ ಎಂದು ಕೂಗಿಸಿಕೊಂಡು ಹೊರಟಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು.

“ಏನಮ್ಮಾ, ಆಳಿಲ್ಲದೆ ಹೊಸ್ತಿಲು ದಾಟುವುದಿಲ್ಲವೋ?” ಎಂದು ಕೆಣಕಿದ.

“ಕರುಬಬೇಡಣ್ಣ,” ಎಂದಳು ಗಂಧ. “ಮೊನ್ನೆ ನನ್ನ ಮುಂದೆ ದುರ್ ನಡೆದ. ಊರೆಲ್ಲ ಮೂಗು ಮುಚ್ಚಿಕೊಂಡಿತು.”

ಚಾಲ್‌ಗೆ ಕೇಳಿಸಿದ್ದು ಒಂದೇ: ಇವಳಿಗೆ ಇಬ್ಬರು! ತನಗೆ ಒಬ್ಬನೂ ಇಲ್ಲ.

ಅವನು ಸುವನ್ನು ಕರೆದ. “ಪುರಸೊತ್ತಿಲ್ಲ,” ಎಂದ ಸು. ಕೆಲಸವಿಲ್ಲದೆ ಕುಳಿತಿದ್ದ ಕು ಎದ್ದು ಬಂದ. “ನಾನಿದ್ದೇನಲ್ಲ ಧಣಿ!”

ಧಣಿ ಎಂದದ್ದಕ್ಕೇ ಚಾಲ್ ಉಬ್ಬಿಹೋದ. ಏನೆಂದು ಕೂಗುತ್ತೀಯೆ ಎಂದು ಕೇಳಲಿಲ್ಲ. ಬೇಕೆಂದೇ ಗಂಧಳ ಬಾಗಿಲ ಮುಂದೆ ಮೆರೆದು, ಮದುವೆ ಮಾತುಕತೆ ನಡೆಯುತ್ತಿದ್ದ ಮನೆಗೆ ಹೋದ.

ಅಲ್ಲಿ ಹುಡುಗಿಯ ತಂದೆ, “ಉಳಿದದ್ದೆಲ್ಲ ಒಪ್ಪಿಗೆ. ಹುಡುಗನ ನಡತೆಯೊಂದು ತಿಳಿಯಬೇಕು,” ಎನ್ನುತ್ತಿದ್ದ. ಕು ಹೊಸ್ತಿಲಲ್ಲಿ ನಿಂತು ಎದೆಯುಬ್ಬಿಸಿ ಕೂಗಿದ: “ಕುಚಾಲ್!”

ತಂದೆ ತಾಂಬೂಲದ ತಟ್ಟೆಯನ್ನು ಹಿಂದಕ್ಕೆ ತಳ್ಳಿ ಎದ್ದ. “ನಡತೆಗೆಟ್ಟ ಮನೆಗೆ ಮಗಳನ್ನು ಕೊಡಲಾರೆ.”

“ನಾನು ಒಳ್ಳೆಯವನೇ ಸ್ವಾಮಿ!” ಎಂದು ಚಾಲ್ ಹಿಂದಿನಿಂದ ಗೋಗರೆದ. ಮುಂದೆ ನಿಂತವನ ದನಿಯೇ ದೊಡ್ಡದಾಗಿತ್ತು.