ಬ್ರೇಕ್ ಜೋಡಿಸಿದವನ ಹಿಂದೆ ಕೂತ ಅಜ್ಜಿ

"ಗುರುಗಳೇ, ತನ್ನ ಜೀವದ ಮೇಲೆ ತನಗೇ ಆಸೆಯಿಲ್ಲದವನನ್ನು ದಾರಿಗೆ ತರುವುದು ಹೇಗೆ? ನಮ್ಮ ಮಠಕ್ಕೆ ಬಂದಿರುವ ಆ ಅನಾಥ ಹುಡುಗನಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ನೀನು ಹೇಳಿದ್ದು ಊರಿಗೆಲ್ಲ ಕೇಳಿಸಿದೆ. ಈಗ ಬಾಯಿಗೆ ಬಿಡುವು ಕೊಟ್ಟು ಕಿವಿಗೆ ಸ್ವಲ್ಪ ಕೆಲಸ ಕೊಡು" ಎಂದು ಕತೆ ಹೇಳತೊಡಗಿದರು.

ಗುಡ್ಡದ ಮೇಲಿನ ಒಂದು ಊರಿನಲ್ಲಿ ಒಬ್ಬ ಅಜ್ಜಿ ಸೈಕಲ್ ಅಂಗಡಿ ಇಟ್ಟಿದ್ದಳು. ಓದು ಬಿಟ್ಟವರು, ಮನೆಯಿಲ್ಲದವರು, ಕಳ್ಳತನದಲ್ಲಿ ಸಿಕ್ಕಿಬಿದ್ದು ಬಂದವರು, ಇಂಥ ಹರೆಯದವರೇ ಅಲ್ಲಿ ಕೆಲಸ ಕಲಿಯುತ್ತಿದ್ದರು. ಊರಿನವರು ಮೂಲೆಗೆ ಹಾಕಿದ ಹಳೆಯ ಸೈಕಲ್ಲುಗಳನ್ನು ತಂದುಕೊಡುವರು. ಇವರು ರಿಪೇರಿ ಮಾಡುವರು. ದೂರದ ಶಾಲೆಗೆ ನಡೆದು ಹೋಗುವ ಬಡ ಮಕ್ಕಳಿಗೆ ಅವು ಪುಕ್ಕಟೆ ಸಿಗುತ್ತಿದ್ದವು. ಅಂಗಡಿಯಲ್ಲಿ ನಿಯಮ ಒಂದೇ. ಬ್ರೇಕ್ ಜೋಡಿಸಿದವನೇ ಮೊದಲು ಆ ಸೈಕಲ್ ಹತ್ತಿ ಗುಡ್ಡದ ಇಳಿಜಾರು ಇಳಿಯಬೇಕು. ತನ್ನ ಪ್ರಾಣಕ್ಕೆ ಹೆದರಿಯಾದರೂ ಸರಿಯಾಗಿ ಜೋಡಿಸುತ್ತಾನೆ ಎಂದು ಅಜ್ಜಿ ನಂಬಿದ್ದಳು.

ಕಳ್ಳರ ಗುಂಪಿನಿಂದ ಬಂದ ಒಬ್ಬ ತರುಣನ ಮುಂದೆ ಈ ನಿಯಮ ನಡೆಯಲಿಲ್ಲ. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ನಟ್ಟನ್ನು ಅರ್ಧ ತಿರುಗಿಸಿ ಬಿಡುವನು, ಇಳಿಜಾರಿನಲ್ಲಿ ಬೀಳುವನು, ಮಂಡಿ ಒರೆಸಿಕೊಂಡು ಎದ್ದು ಬರುವನು. ಬೈದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. "ಬಿದ್ದರೆ ಬೀಳಲಿ ಬಿಡಜ್ಜಿ, ಸತ್ತರೆ ಅಳೋರು ಯಾರಿದ್ದಾರೆ?" ಎನ್ನುವನು.

ಕೊನೆಗೆ ಊರಿನವರು ಬಂದು, "ಇನ್ನೊಮ್ಮೆ ಬಿದ್ದರೆ ಇವನನ್ನು ಕಳಿಸಿಬಿಡಮ್ಮ. ಇವನ ಬ್ರೇಕ್ ನಂಬಿ ನಾಳೆ ಯಾರದೋ ಮಗು ಸತ್ತೀತು" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅಂಗಡಿ ಬಿಟ್ಟರೆ ತರುಣನಿಗೆ ಮತ್ತೆ ಕಳ್ಳರ ಸಹವಾಸವೇ ಗತಿ. ಅಜ್ಜಿಗೆ ಆ ದಿನ ಊಟ ಸೇರಲಿಲ್ಲ.

ಮರುದಿನ ತರುಣ ಮತ್ತೊಂದು ಸೈಕಲ್ ಹತ್ತಿ ಇಳಿಜಾರಿನ ತುದಿಗೆ ಬಂದ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹಿಂದಿನ ಕ್ಯಾರಿಯರ್ ಮೇಲೆ ಕೂತಳು.

"ಇಳಿಯಜ್ಜಿ, ನಿನಗೇನು ಹುಚ್ಚೇ?"

"ಬ್ರೇಕ್ ಜೋಡಿಸಿದ್ದೀಯಲ್ಲ, ನಡಿ" ಎಂದಳು ಅಜ್ಜಿ.

ತರುಣ ಕೆಳಗಿನ ತಿರುವನ್ನು ನೋಡಿದ. ಪೆಡಲ್ ಮೇಲಿಟ್ಟ ಕಾಲು ತೆಗೆದ. ಅಜ್ಜಿಯನ್ನು ಕೈಹಿಡಿದು ಇಳಿಸಿ, ಅಂಗಡಿಗೆ ಓಡಿ ಪಾನಾ ತಂದ. ಬ್ರೇಕನ್ನು ಪೂರ್ತಿ ಬಿಚ್ಚಿ ಮೊದಲಿನಿಂದ ಜೋಡಿಸಿದ. ಒಂದೊಂದು ನಟ್ಟನ್ನೂ ಬಿಗಿದು, ಮತ್ತೆ ಮುಟ್ಟಿ ನೋಡಿದ. ಆಮೇಲೆ ತಾನೇ, "ಕೂತ್ಕೋ ಅಜ್ಜಿ, ಗಟ್ಟಿಯಾಗಿ ಹಿಡ್ಕೋ" ಎಂದ.

ಇಬ್ಬರೂ ಇಳಿದರು. ತಿರುವಿನಲ್ಲಿ ಬ್ರೇಕ್ ಹಿಡಿಯಿತು. ಗುಡ್ಡದ ಬುಡದಲ್ಲಿ ಸೈಕಲ್ ನಿಂತಾಗ ತರುಣ ರಸ್ತೆಯ ಬದಿಗೆ ಕೂತು ಬಿಕ್ಕಿ ಬಿಕ್ಕಿ ಅತ್ತ. "ಅಬ್ಬಾ, ಹೋದ ಜೀವ ಬಂತು ಕಣೋ!" ಎಂದು ಅಜ್ಜಿ ನಕ್ಕಳು. ಅವನನ್ನು ಕಳಿಸುವ ಮಾತನ್ನು ಊರಿನವರು ಮತ್ತೆ ಎತ್ತಲಿಲ್ಲ. ಅವನು ಸರಿಮಾಡಿದ ಸೈಕಲ್ಲುಗಳಲ್ಲೇ ಆ ಊರಿನ ಮಕ್ಕಳು ಶಾಲೆಗೆ ಹೋದರು.

ಶಿಷ್ಯ ನೆಮ್ಮದಿಯ ಉಸಿರು ಬಿಟ್ಟ. ಆದರೂ ಮನಸ್ಸು ತಡೆಯದೆ ಕೇಳಿದ: "ಗುರುಗಳೇ, ಅವನು ನಿಲ್ಲಿಸದೆ ಹಾಗೇ ಇಳಿದುಬಿಟ್ಟಿದ್ದರೆ?"

"ಇಬ್ಬರೂ ಬೀಳುತ್ತಿದ್ದರಪ್ಪ, ಅದುವರೆಗೆ ಪ್ರತಿ ಸಲವೂ ಅವನೊಬ್ಬನೇ ಬಿದ್ದಿದ್ದ."