ದೂರದಿಂದ ಹೇಳಿದ ಸಾರಿ

ಹೊಳೆದಂಡೆಯ ಮಠದಲ್ಲಿ ರಾಚಪ್ಪನೆಂಬ ಶಿಷ್ಯನಿದ್ದ. ಅವನ ಬಾಯಲ್ಲಿ ಶಿವನಾಮಕ್ಕಿಂತ ‘ಸಾರಿ’ ಎಂಬ ಇಂಗ್ಲಿಷ್ ಮಾತೇ ಹೆಚ್ಚು. ಕೊಡ ತುಳುಕಿದರೆ ಸಾರಿ, ಸೀನು ಬಂದರೆ ಸಾರಿ, ದಾರಿಗೆ ಅಡ್ಡ ಮಲಗಿದ ನಾಯಿಗೂ ಸಾರಿ.

ಅಂಥ ಧಾರಾಳಿ ಒಂದು ಸಂಜೆ ಹೊಳೆಯ ಮೆಟ್ಟಿಲ ಮೇಲೆ ಮಂಕಾಗಿ ಕೂತಿದ್ದ. ಗುರು ಮರುಳಜ್ಜ ಬಂದು ಪಕ್ಕದಲ್ಲಿ ಕೂತರು.

“ಯಾಕೋ ತಮ್ಮಾ, ಮಾರಿ ಸಣ್ಣದು ಮಾಡೀ?”

“ಅಕ್ಕನ ನೆನಪಾಗೈತ್ರಿ ಅಜ್ಜಾರ.”

ಅಕ್ಕ ನೀಲವ್ವ. ಹಾಸಿಗೆ ಹಿಡಿದ ಅವ್ವನನ್ನು ಒಬ್ಬಳೇ ನೋಡಿಕೊಂಡವಳು. ಅವ್ವ ತೀರಿಕೊಂಡಾಗ ಮಣ್ಣು ಮಾಡುವ ಹೊತ್ತಿಗೆ ಬಂದು ಮುಟ್ಟಿದ ರಾಚಪ್ಪ, ನಾಲ್ಕು ಮಂದಿಯೆದುರು, “ನೀ ನೆಟ್ಟಗ ನೋಡಿದ್ದರ ಅವ್ವ ಉಳೀತಿದ್ಲು” ಎಂದುಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವಳು ಅವನೊಡನೆ ಮಾತಾಡಿಲ್ಲ.

“ಫೋನಿನಾಗ ಸಾರಿ ಅಂತ ಕಳಿಸೇನ್ರಿ. ಓದ್ಯಾಳ, ಉತ್ರ ಇಲ್ಲ. ‘ಉಂಡಿಯೇನು ತಮ್ಮಾ’ ಅಂತ ಒಂದ್ಸಲ ಕೇಳಿದ್ರ ಸಾಕಾಗಿತ್ರಿ.” ಅವನು ಹೊಳೆಯ ಕಡೆ ಮುಖ ತಿರುಗಿಸಿದ. “ಸಾರಿ ಅನ್ನೂ ಮಾತಿನ ಅರ್ಥ ಅಕಿಗೆ ತಿಳೀಲಿಲ್ಲೇನ್ರಿ?”

ಮರುಳಜ್ಜ ಎದ್ದು ಮೆಟ್ಟಿಲಿಳಿಯುವಾಗ ರಾಚಪ್ಪನ ಪಾದವನ್ನು ಚೆನ್ನಾಗಿಯೇ ತುಳಿದರು. ತಿರುಗಿಯೂ ನೋಡದೆ ನೀರಿನ ಅಂಚಿಗೆ ಹೋಗಿ, ಅಲ್ಲಿಂದ “ಸಾರಿ” ಎಂದು ಕೂಗಿದರು.

ರಾಚಪ್ಪ ಕಾಲು ಹಿಡಿದುಕೊಂಡು ಪಿಳಿಪಿಳಿ ನೋಡಿದ. ಗುರುವಿನ ಮೇಲೆ ಸಿಟ್ಟು ಮಾಡುವಂತಿಲ್ಲ, ಆದರೂ ಒಳಗೆ ಚುರುಕ್ ಎಂದಿತು.

“ನೋವು ಹೋತೇನು?” ಅಜ್ಜ ಅಲ್ಲಿಂದಲೇ ಕೇಳಿದರು.

“ಇಲ್ರಿ.”

ಆಗ ಅವರು ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಬಗ್ಗಿದರು. ಕಾಲು ತಾಗಿದರೆ ನಮ್ಮ ಮಂದಿ ಮಾಡುವಂತೆ, ಅವನ ಪಾದ ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು.

ರಾಚಪ್ಪ ಗಾಬರಿಯಾಗಿ ಕಾಲೆಳೆದುಕೊಂಡ. “ಅಜ್ಜಾರ, ನೀವು ನನ್ನ ಕಾಲು ಮುಟ್ಟೂದೇನ್ರಿ?”

“ದೂರ ನಿಂತರ ಕೈ ನಿಲುಕೂದಿಲ್ಲಪಾ.”

ಅವನ ಕಣ್ಣು ತುಂಬಿತು. ಊರಿಗೆ ಹೊರಡಬೇಕೆಂದು ಎದ್ದ. ಎದ್ದವನು ಮತ್ತೆ ಕೂತ.

“ಅಕ್ಕ ಬಾಗಿಲಾ ತೆಗೀಲಿಲ್ಲಂದ್ರ?”

ಮರುಳಜ್ಜ ಅವನ ಹೆಗಲ ಮೇಲೆ ಕೈಯಿಟ್ಟರು.

“ಬಾಗಿಲಾ ಹಾಕಿದ್ರೂ ಹೊಸ್ತಿಲಾ ಹೊರಗಿನವನ ಕೈಗೆ ಸಿಗತೈತಿ, ತಮ್ಮಾ.”